ಹಳೇ ಮರ, ಮೂರು ಕಲ್ಲಿನ ಒಲೆ: ಮರಕ್ಕೆ ಹಾಕಿದ ಮದ್ದು ಎಲ್ಲಿ ಹೋಗುತ್ತೆ?

1/10

ಈ ಫೋಟೋ ನೋಡಿ. ಬನ್ನೇರುಘಟ್ಟ ರಸ್ತೆಯಲ್ಲಿ ಹುಳಿಮಾವು, ಕಾಳೇನ ಅಗ್ರಹಾರ ದಾಟಿ ಗೊಟ್ಟಿಗೆರೆಯ ಒಳರಸ್ತೆಗಳಿಗೆ ತಿರುಗಿದರೆ ಇಂಥ ರಾಶಿಗಳು ಸಿಗುತ್ತಲೇ ಇರುತ್ತವೆ. ಹಳೇ ಮನೆ ಕೆಡವಿದ್ದಾರೆ, ಪಕ್ಕದಲ್ಲಿ ಹೊಸ ಕಟ್ಟಡ ಏಳ್ತಿದೆ. ಕಬ್ಬಿಣ ಗುಜರಿಗೆ ಹೋಯ್ತು. ಚೆನ್ನಾಗಿರೋ ಬಾಗಿಲು, ಕಿಟಕಿಗಳನ್ನ ಹಳೇ ಮರದ ವ್ಯಾಪಾರಿಗಳು ಒಯ್ದರು. ಉಳಿದಿದ್ದು ಯಾರಿಗೂ ಬೇಡದ ಮರ: ಬಣ್ಣ ಸುಲಿದ ಚೌಕಟ್ಟು, ಕಪ್ಪು ಬಳಿದ ಕಂಬ, ಸೀಳು ಬಿಟ್ಟ ಪ್ಲೈವುಡ್, ಸಿಮೆಂಟ್ ಅಂಟಿದ ಸೆಂಟ್ರಿಂಗ್ ಹಲಗೆ, ಎಲ್ಲಿಂದ ಬಂತೋ ಗೊತ್ತಿಲ್ಲದ ಹಸಿರು ಛಾಯೆಯ ಒಂದು ಗೂಟ.

ಯಾರಿಗೂ ಬೇಡ ಅಂದೆ, ಅದು ಪೂರ್ತಿ ನಿಜ ಅಲ್ಲ. ಸಂಜೆಯಾದರೆ ಸೈಟಿನ ಶೆಡ್ಡುಗಳ ಮುಂದೆ ಮೂರು ಕಲ್ಲಿನ ಒಲೆ ಹೊತ್ತುತ್ತೆ. ಈ ರಾಶಿಯಿಂದ ಎಳೆದುಕೊಂಡ ತುಂಡುಗಳೇ ಸೌದೆ. ಅನ್ನ ಬೇಯುತ್ತೆ, ಮಕ್ಕಳು ಒಲೆ ಸುತ್ತ ಕೂತಿರುತ್ತಾರೆ. ಡಿಸೆಂಬರ್ ಚಳಿಗೆ ವಾಚ್‌ಮನ್ ಕಾಯಿಸಿಕೊಳ್ಳೋ ಬೆಂಕಿಗೂ ಇದೇ ಮರ. ಕಾಮನ ಹಬ್ಬಕ್ಕೆ ಹುಡುಗರು ಹುಡುಕಿಕೊಂಡು ಬರೋದೂ ಇದನ್ನೇ.

ಮರ ಅಂದರೆ ಮರ, ಸುಟ್ಟರೆ ಬೂದಿ, ಅದರಲ್ಲೇನಿದೆ ಅಂತ ನಿಮಗನ್ನಿಸಬಹುದು. ನಮ್ಮ ಹಿರಿಯರ ಕಾಲದ ಮರಕ್ಕೆ ಆ ಮಾತು ಸರಿ. ಆದರೆ ಈ ರಾಶಿಯಲ್ಲಿರೋ ಎಲ್ಲ ಮರಕ್ಕೂ ಅದು ಸರಿಯಲ್ಲ. ಕೆಲವು ತುಂಡುಗಳ ಒಳಗೆ ಗೆದ್ದಲನ್ನ ಕೊಲ್ಲೋದಕ್ಕಂತಲೇ ತುಂಬಿದ ವಿಷ ಇದೆ. ಮರ ಸುಟ್ಟುಹೋದರೂ ಆ ವಿಷ ಸುಟ್ಟುಹೋಗೋದಿಲ್ಲ.

ಯಾವುದು ಯಾವುದು ಅಂತ ತಿಳಿಯೋಕೆ ಸುಮಾರು ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಈ ಸರಣಿ ಅದಕ್ಕೇ. ಒಂದೊಂದೇ ಓದಿ.

2/10

ಮೊದಲು ವಿಷ ಇಲ್ಲದ ಮರದ ಕಾಲ.

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಮರಕ್ಕೆ ಮದ್ದು ಹೊಡೆಯುವ ಪದ್ಧತಿಗಿಂತ ಮರ ಆರಿಸುವ ಪದ್ಧತಿ ದೊಡ್ಡದು. ಕಂಬಕ್ಕೆ, ತೊಲೆಗೆ, ಬಾಗಿಲಿಗೆ ಸಾಗುವಾನಿ, ಹೊನ್ನೆ, ಮತ್ತಿ, ಹಲಸು. ಇವುಗಳ ನಡುಗಟ್ಟಿಯಲ್ಲಿ, ಅಂದರೆ ಒಳಗಿನ ಗಾಢ ಬಣ್ಣದ ಭಾಗದಲ್ಲಿ, ಮರ ತಾನೇ ಮಾಡಿಕೊಂಡ ಎಣ್ಣೆ, ಅಂಟು, ಒಗರು ಇರುತ್ತೆ. ಗೆದ್ದಲು ಅಷ್ಟು ಸುಲಭಕ್ಕೆ ಬಾಯಿ ಹಾಕೋದಿಲ್ಲ. ಹೊರಗಿನ ಬಿಳಿ ಭಾಗವನ್ನ ಬಡಗಿ ಕೆತ್ತಿ ತೆಗೆಯುತ್ತಿದ್ದ. ಕರಾವಳಿಯಲ್ಲಿ ಗೇರು ಬೀಜದ ಸಿಪ್ಪೆಯ ಎಣ್ಣೆ, ದೋಣಿಗೆ ಮೀನೆಣ್ಣೆ ಬಳಿಯೋದೂ ಇತ್ತು. ಇದೆಲ್ಲ ಮೇಲ್ಮೈಯ ಮದ್ದು.

ಇಂಥ ಮರ ಹಳೇದಾದರೆ ಏನು ಮಾಡುತ್ತಿದ್ದರು? ಒಂದು ಮನೆಯ ತೊಲೆ ಇನ್ನೊಂದು ಮನೆಯ ತೊಲೆಯಾಗುತ್ತಿತ್ತು. ಅದಕ್ಕೂ ಬಾರದಿದ್ದರೆ ದನದ ಕೊಟ್ಟಿಗೆಗೆ. ಅಲ್ಲೂ ಮುಗಿದರೆ ಬಚ್ಚಲ ಒಲೆಗೆ, ಹಂಡೆಯ ಕೆಳಗೆ.

ಬೂದಿಯೂ ದಂಡವಾಗುತ್ತಿರಲಿಲ್ಲ. ಹುಣಸೆಹಣ್ಣು, ತೆಂಗಿನ ನಾರಿನ ಜೊತೆ ಪಾತ್ರೆ ಉಜ್ಜೋಕೆ ಬೂದಿ. ಬಿತ್ತನೆ ಕಾಳಿಗೆ ಹುಳ ಬೀಳದಂತೆ ಬೂದಿ. ಬಸಳೆ ಚಪ್ಪರದ ಬುಡಕ್ಕೆ, ತೆಂಗಿನ ಮರದ ಪಾತಿಗೆ ಬೂದಿ. ಮನೆಯ ಒಲೆಯಿಂದ ಹೊರಟ ಬೂದಿ ತಟ್ಟೆಗೂ, ತರಕಾರಿಗೂ, ಮಣ್ಣಿಗೂ ಸುತ್ತಿ ಬರುತ್ತಿತ್ತು. ಯಾವ ಅಪಾಯವೂ ಇರಲಿಲ್ಲ, ಯಾಕಂದ್ರೆ ಒಲೆಗೆ ಹಾಕಿದ್ದರಲ್ಲಿ ವಿಷ ಇರಲಿಲ್ಲ.

ಈ ಅಭ್ಯಾಸ ನಮ್ಮ ಕೈಯಲ್ಲಿ ಇನ್ನೂ ಇದೆ. ‘ಹಳೇ ಮರ ಅಲ್ವಾ, ಒಲೆಗೆ ಹಾಕಿ’ ಅನ್ನೋ ಮಾತು ನೂರಾರು ವರ್ಷದ ಅನುಭವದಿಂದ ಬಂದದ್ದು. ಮಾತು ಬದಲಾಗಿಲ್ಲ. ನಡುವೆ ಮರ ಬದಲಾಯ್ತು.

3/10

ಬದಲಾವಣೆ ಬಂದದ್ದು ರೈಲಿನ ಜೊತೆ.

1864ರಲ್ಲಿ ಜೋಲಾರಪೇಟೆ ಕಡೆಯಿಂದ ಬೆಂಗಳೂರು ದಂಡಿಗೆ ಮೊದಲ ರೈಲು ಬಂತು. ಹಳಿಯ ಕೆಳಗೆ ಅಡ್ಡಡ್ಡ ಮಲಗಿಸೋ ಮರದ ದಿಮ್ಮಿಗೆ ನಾವೆಲ್ಲ ಸ್ಲೀಪರ್ ಅಂತೀವಲ್ಲ, ಒಂದು ಕಿಲೋಮೀಟರಿಗೆ ಅದು ಸಾವಿರಕ್ಕೂ ಹೆಚ್ಚು ಬೇಕು. ನೆಲಕ್ಕೆ ಅಂಟಿಕೊಂಡಿರೋ ಮರ, ಮೇಲೆ ಮಳೆ, ಕೆಳಗೆ ಗೆದ್ದಲು. ಕೆಟ್ಟ ಜಾತಿಯ ಮರವಾದರೆ ಕೆಲವೇ ವರ್ಷದಲ್ಲಿ ಪುಡಿ. ತೇಗ, ಸಾಲ, ದೇವದಾರು ಅಂತ ಗಟ್ಟಿ ಮರಗಳನ್ನೇ ಕಡಿದು ಕಡಿದು ಕಾಡು ಬರಿದಾಗತೊಡಗಿತು.

ಇಂಗ್ಲೆಂಡಿನಲ್ಲಿ ಇದಕ್ಕೊಂದು ಉಪಾಯ ಆಗಲೇ ಇತ್ತು. 1838ರಲ್ಲಿ ಜಾನ್ ಬೆಥೆಲ್ ಅನ್ನೋರು ಒಂದು ವಿಧಾನಕ್ಕೆ ಪೇಟೆಂಟ್ ಪಡೆದರು. ಮರವನ್ನ ದೊಡ್ಡ ಕಬ್ಬಿಣದ ಸಿಲಿಂಡರಿನೊಳಗೆ ತಳ್ಳಿ ಬಾಗಿಲು ಮುಚ್ಚೋದು, ಒಳಗಿನ ಗಾಳಿಯನ್ನ ಎಳೆದು ತೆಗೆಯೋದು, ಆಮೇಲೆ ಮದ್ದನ್ನ ಒತ್ತಡದಿಂದ ನುಗ್ಗಿಸೋದು. ಬಳಿದರೆ ಮೇಲಷ್ಟೇ ನಿಲ್ಲೋ ಮದ್ದು ಹೀಗೆ ಮಾಡಿದರೆ ಮರದ ನಾಳಗಳೊಳಕ್ಕೆ ಇಳಿಯುತ್ತೆ. ಇವತ್ತಿಗೂ ಕಾರ್ಖಾನೆಗಳಲ್ಲಿ ನಡೆಯೋದು ಬಹುತೇಕ ಇದೇ.

ಅವರು ತುಂಬಿದ ಮದ್ದು ಕ್ರಿಯೋಸೋಟ್. ಕಲ್ಲಿದ್ದಲ ಡಾಂಬರಿನಿಂದ ಬಟ್ಟಿ ಇಳಿಸಿದ ಕಪ್ಪು ಎಣ್ಣೆ, ಘಾಟು ವಾಸನೆ. ಭಾರತದಲ್ಲೂ ಸ್ಲೀಪರುಗಳಿಗೆ ಕ್ರಿಯೋಸೋಟ್ ತುಂಬೋ ಕಾರ್ಖಾನೆಗಳು ಬಂದವು. ಪಂಜಾಬಿನ ಧಿಲ್ವಾನ್‌ನದ್ದು 1923ರಲ್ಲಿ ಶುರುವಾದದ್ದು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಹಳಿಗಳ ಕೆಳಗೆ ಕಾಂಕ್ರೀಟು ಬಂದ ಮೇಲೆ ಆ ಮರದ ಸ್ಲೀಪರುಗಳು ಮಾಯವಾಗಲಿಲ್ಲ. ಹರಾಜಾದವು. ತೋಟದ ಗೇಟು, ಮೆಟ್ಟಿಲು, ಕೆಫೆಯ ಬೆಂಚು, ರೆಸಾರ್ಟಿನ ಕಾಲುದಾರಿ ಆದವು. ದಪ್ಪ, ಕಪ್ಪು, ಬೋಲ್ಟಿನ ತೂತು ಇರೋ ದಿಮ್ಮಿ ಕಂಡರೆ ಅದರ ಹುಟ್ಟೂರು ರೈಲು ಹಳಿ ಅಂತ ತಿಳೀರಿ.

4/10

ಈಗ ಈ ಕಥೆಯ ಮುಖ್ಯ ವ್ಯಕ್ತಿ: ಸೊಂಟಿ ಕಾಮೇಶಂ.

ಪ್ರಪಂಚದಾದ್ಯಂತ ಕೋಟ್ಯಂತರ ಕಂಬ, ಬೇಲಿ, ಸೇತುವೆ, ಮಕ್ಕಳ ಆಟದ ಅಟ್ಟಣಿಗೆಗಳ ಒಳಗೆ ಇರೋ ಮದ್ದನ್ನ ಕಂಡುಹಿಡಿದದ್ದು ಒಬ್ಬ ಭಾರತೀಯ ಅನ್ನೋದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಮರದ ಸಂರಕ್ಷಣೆಯ ಮೇಲೆ ಕೆಲಸ ಮಾಡಿದ ತೆಲುಗು ನಾಡಿನ ಎಂಜಿನಿಯರ್ ಅವರು.

ಅವರ ಮುಂದಿದ್ದ ಸಮಸ್ಯೆ ನೇರವಾದದ್ದು. ದೇಶದ ಕಾಡುಗಳಲ್ಲಿ ಬೇಗ ಕೆಡೋ ಜಾತಿಯ ಮರಗಳೇ ಹೆಚ್ಚು. ಅವುಗಳಿಗೆ ಅಗ್ಗದಲ್ಲಿ ಆಯುಷ್ಯ ಕೊಟ್ಟರೆ ಗಟ್ಟಿ ಮರ ಉಳಿಯುತ್ತೆ, ಬಡ ದೇಶಕ್ಕೆ ಕಂಬ ಸಿಗುತ್ತೆ. ತಾಮ್ರ ಶಿಲೀಂಧ್ರವನ್ನ ಕೊಲ್ಲುತ್ತೆ, ಆರ್ಸೆನಿಕ್ ಗೆದ್ದಲನ್ನ ಕೊಲ್ಲುತ್ತೆ, ಇದೆಲ್ಲ ಮೊದಲೇ ಗೊತ್ತಿತ್ತು. ತೊಂದರೆ ಅಂದ್ರೆ ಎರಡೂ ನೀರಿನಲ್ಲಿ ಕರಗುತ್ತವೆ. ಎರಡು ಮಳೆಗಾಲ ಕಳೆದರೆ ಮದ್ದು ತೊಳೆದುಹೋಗಿ ಮರ ಮತ್ತೆ ಬರಿ ಮರ.

ಕಾಮೇಶಂ ಮೂರನೆಯದೊಂದನ್ನ ಸೇರಿಸಿದರು: ಕ್ರೋಮಿಯಂ, ಡೈಕ್ರೋಮೇಟ್ ರೂಪದಲ್ಲಿ. ಅದು ಮರದ ಜೊತೆ ವರ್ತಿಸಿ ತಾಮ್ರವನ್ನೂ ಆರ್ಸೆನಿಕ್ಕನ್ನೂ ಮರದ ಮೈಗೆ ಕಟ್ಟಿಹಾಕುತ್ತೆ. ನೀರಿನಲ್ಲಿ ಕರಗಿ ಒಳಗೆ ಹೋದದ್ದು ಒಳಗೆ ಹೋದ ಮೇಲೆ ಸುಲಭಕ್ಕೆ ಕರಗೋದಿಲ್ಲ. 1933ರಲ್ಲಿ ಈ ಮಿಶ್ರಣ ಸಿದ್ಧವಾಯ್ತು. ಆರ್ಸೆನಿಕ್‌ನ ರಾಸಾಯನಿಕ ಚಿಹ್ನೆ ‘ಆಸ್’, ತಾಮ್ರದ್ದು ‘ಕು’, ಎರಡೂ ಸೇರಿ ಮಾರುಕಟ್ಟೆಯಲ್ಲಿ ಅದರ ಹೆಸರು ‘ಆಸ್ಕು’. ಮೂರು ಧಾತುಗಳ ಇಂಗ್ಲಿಷ್ ಮೊದಲಕ್ಷರ ಹಿಡಿದು ಇವತ್ತು ಸಿಸಿಎ ಅಂತಾರೆ.

1938ರಲ್ಲಿ ಅಮೆರಿಕದ ಪೇಟೆಂಟೂ ಬಂತು. ಅಲ್ಲಿನ ಬೆಲ್ ಟೆಲಿಫೋನ್ ವ್ಯವಸ್ಥೆ ತನ್ನ ಕಂಬಗಳಿಗೆ ಇದನ್ನ ಹಿಡಿಯಿತು. ಡೆಹರಾಡೂನಿನ ಮದ್ದು ಜಗತ್ತು ಸುತ್ತಿತು.

5/10

ಬೆಂಗಳೂರಿಗೂ ಈ ವಿದ್ಯೆಗೂ ನಂಟು ಹಳೇದು.

ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ದೊಡ್ಡ ಮರಗಳ ನಡುವೆ ಒಂದು ಕಟ್ಟಡ ಇದೆ, ನೀವು ನೂರು ಸಲ ದಾಟಿರಬಹುದು. ಕಾಮೇಶಂಗೆ ಅಮೆರಿಕದ ಪೇಟೆಂಟ್ ಬಂದ ಅದೇ 1938ರಲ್ಲಿ ಮೈಸೂರು ಸಂಸ್ಥಾನ ಅಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯ ತೆರೆಯಿತು. 1956ರಲ್ಲಿ ಅದು ಕೇಂದ್ರ ಸರ್ಕಾರದ ಕೈಗೆ ಹೋಯ್ತು. 1988ರಿಂದ ಅದರ ಹೆಸರು ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಉದ್ಯಮಕ್ಕಂತಲೇ ಇನ್ನೊಂದು ಸಂಶೋಧನಾ ಸಂಸ್ಥೆ 1960ರ ದಶಕದಲ್ಲಿ ಶುರುವಾಯ್ತು.

ಮಲ್ಲೇಶ್ವರದವರ ಒಂದು ಪರೀಕ್ಷೆ ಬಗ್ಗೆ ಹೇಳಲೇಬೇಕು. ಬೆಂಗಳೂರಿನ ಹೊರಗೆ ನಲ್ಲಾಲ್ ಅನ್ನೋ ಕಡೆ ಅವರ ಒಂದು ಹೊಲ. ಅಲ್ಲಿ ಬೆಳೆ ಇಲ್ಲ, ಸಾಲು ಸಾಲು ಮರದ ಗೂಟಗಳು. ಒಂದಷ್ಟಕ್ಕೆ ಮದ್ದು, ಒಂದಷ್ಟಕ್ಕೆ ಇಲ್ಲ. ಅರ್ಧ ಮಣ್ಣಲ್ಲಿ ಹೂತು, ವರ್ಷಗಟ್ಟಲೆ ಕಾದು, ಯಾವುದನ್ನ ಗೆದ್ದಲು ಎಷ್ಟು ತಿಂತು ಅಂತ ಅಂಕ ಕೊಡ್ತಾರೆ. ವಿಜ್ಞಾನಿಗಳ ಭಾಷೆಯಲ್ಲಿ ಇದಕ್ಕೆ ಸ್ಮಶಾನ ಪರೀಕ್ಷೆ ಅಂತಲೇ ಹೆಸರು.

ಈ ಪರೀಕ್ಷೆಗಳಲ್ಲಿ ಸಿಸಿಎ ಗಟ್ಟಿಗ. ತಿಂಗಳುಗಳಲ್ಲಿ ಮಣ್ಣಾಗೋ ಮರ ದಶಕಗಳವರೆಗೆ ನಿಲ್ಲುತ್ತೆ. ಸಮುದ್ರದ ಹುಳುಗಳನ್ನೂ ತಡೆಯುತ್ತೆ ಅಂತ ಇದೇ ಸಂಸ್ಥೆಯವರು ವಿಶಾಖಪಟ್ಟಣದಲ್ಲಿ ಮೀನುಗಾರರ ಕಟ್ಟುಮರಗಳಿಗೆ ತುಂಬಿ ನೋಡಿದರು. ಕಾರ್ಖಾನೆಗಳ ಕೂಲಿಂಗ್ ಟವರಿನ ಮರಕ್ಕೂ ಇದೇ.

ಅಂದರೆ ಮದ್ದು ಮೋಸ ಅಲ್ಲ. ಹೇಳಿದ ಕೆಲಸ ಮಾಡಿತು, ಎಷ್ಟೋ ಕಾಡು ಮರ ಉಳಿಸಿತು. ಮರ ಎಷ್ಟು ವರ್ಷ ಬಾಳುತ್ತೆ ಅನ್ನೋದಕ್ಕೆ ಲೆಕ್ಕ ಇಟ್ಟರು. ಬಾಳಿ ಮುಗಿದ ಮೇಲೆ ಅದನ್ನ ಯಾರ ಕೈಗೆ ಕೊಡಬೇಕು ಅನ್ನೋದನ್ನ ಆವತ್ತು ಯಾರೂ ಕೇಳಲಿಲ್ಲ. ನೂರು ವರ್ಷದ ಈ ಯಶಸ್ಸಿನ ಸಾಲ ತೀರಿಸೋ ಸರದಿ ಈಗ ಬಂದಿದೆ.

6/10

ಸ್ವಲ್ಪ ಲೆಕ್ಕ ಮಾಡೋಣ. ಭಯ ಹುಟ್ಟಿಸೋಕಲ್ಲ, ಅಳತೆ ಗೊತ್ತಾಗೋಕೆ.

ನೆಲಕ್ಕೆ ಹೂಳೋ ಮರಕ್ಕೆ ಅಮೆರಿಕದ ಪ್ರಮಾಣದಲ್ಲಿ ಒಂದು ಘನ ಮೀಟರಿಗೆ 6.4 ಕಿಲೋ ಸಿಸಿಎ ಹಿಡಿಸುತ್ತಾರೆ. ಅದರಲ್ಲಿ ಶುದ್ಧ ಆರ್ಸೆನಿಕ್ ಸುಮಾರು 1.4 ಕಿಲೋ. ನಾಲ್ಕಿಂಚು ದಪ್ಪ, ನಾಲ್ಕಿಂಚು ಅಗಲ, ಎಂಟಡಿ ಉದ್ದದ ಒಂದೇ ಗೂಟ ತಗೊಳ್ಳಿ. ಅದರೊಳಗೆ ಸುಮಾರು 36 ಗ್ರಾಂ ಆರ್ಸೆನಿಕ್ ಇರುತ್ತೆ.

ಕುಡಿಯೋ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಆ 36 ಗ್ರಾಂ ಪೂರ್ತಿ ನೀರಿಗೆ ಸೇರಿತು ಅಂತ ಇಟ್ಟುಕೊಂಡರೆ 36 ಲಕ್ಷ ಲೀಟರ್ ನೀರು ಆ ಮಿತಿಗೆ ಮುಟ್ಟುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ 6000 ಲೀಟರಿನ 600 ಟ್ಯಾಂಕರ್. ಬನ್ನೇರುಘಟ್ಟ ರಸ್ತೆಯವರಿಗೆ ಟ್ಯಾಂಕರಿನ ಬೆಲೆ ಬೇರೆ ಹೇಳಬೇಕಾ?

ನಿಜದಲ್ಲಿ ಅದು ಒಂದೇ ಸಲ ಹೊರಗೆ ಬರೋದಿಲ್ಲ. ಗೂಟ ಗೂಟವಾಗಿ ನಿಂತಿರೋವರೆಗೆ ಬಹುಪಾಲು ಒಳಗೇ ಕಟ್ಟಿಕೊಂಡಿರುತ್ತೆ, ಮಳೆಗೆ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಆ ಕಟ್ಟನ್ನ ಬಿಚ್ಚೋದು ಬೆಂಕಿ. ಆರ್ಸೆನಿಕ್ ಒಂದು ಮೂಲಧಾತು. ಸೌದೆ ಉರಿದು ಇಲ್ಲವಾಗಬಹುದು, ಧಾತು ಉರಿದು ಇಲ್ಲವಾಗೋದಿಲ್ಲ. ಒಂದು ಪಾಲು ಹೊಗೆಯಲ್ಲಿ ಏಳುತ್ತೆ, ಉಳಿದದ್ದು ಬೂದಿಯಲ್ಲಿ ಕೂರುತ್ತೆ. ಎಂಟಡಿ ಉದ್ದಕ್ಕೆ ಹರಡಿಕೊಂಡಿದ್ದ ವಿಷ ಒಂದು ಬೊಗಸೆ ಬೂದಿಗೆ ಇಳಿಯುತ್ತೆ.

ಇದು ಊಹೆಯಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿಯ ಕುಟುಂಬವೊಂದು ಚಳಿಗಾಲದಲ್ಲಿ ಮನೆ ಬೆಚ್ಚಗಿಡೋಕೆ ಸಿಸಿಎ ಮರದ ತುಂಡುಗಳನ್ನ ಒಲೆಗೆ ಹಾಕುತ್ತಿತ್ತು. ಮನೆಯವರಿಗೆಲ್ಲ ಚಳಿಗಾಲ ಬಂದಾಗಲೇ ಕಾಯಿಲೆ: ನರದ ತೊಂದರೆ, ಚರ್ಮದ ತೊಂದರೆ, ಕೂದಲು ಉದುರೋದು. ಬೇಸಿಗೆಗೆ ಕಡಿಮೆ. ಕಾರಣ ಒಲೆ ಅಂತ ಪತ್ತೆಯಾಗೋಕೆ ವರ್ಷಗಳೇ ಬೇಕಾದವು. 1984ರಲ್ಲಿ ವೈದ್ಯರು ಇದನ್ನ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಬರೆದರು.

ಆ ಬೂದಿಯಲ್ಲಿ ಯಾರಾದರೂ ಪಾತ್ರೆ ಉಜ್ಜಿದ್ದರೆ? ಎರಡನೇ ಪೋಸ್ಟನ್ನ ಇನ್ನೊಮ್ಮೆ ನೆನಪಿಸಿಕೊಳ್ಳಿ.

7/10

ಆರ್ಸೆನಿಕ್ ಮನುಷ್ಯನಿಗೆ ಏನು ಮಾಡುತ್ತೆ ಅಂತ ನೋಡೋಕೆ ಅಮೆರಿಕದವರೆಗೆ ಹೋಗಬೇಕಿಲ್ಲ. ಕರ್ನಾಟಕದಲ್ಲೇ ಉದಾಹರಣೆ ಇದೆ. ಅಲ್ಲಿ ಮೂಲ ಮರವಲ್ಲ, ನೆಲದೊಳಗಿನ ಬಂಡೆ ಮತ್ತು ಹಳೇ ಚಿನ್ನದ ಗಣಿ. ಆದರೆ ಧಾತು ಅದೇ.

ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ. ಮಂಗಳೂರು ಅನ್ನೋ ಹೆಸರಿನ ಊರಿನ ಹತ್ತಿರ. ಕರಾವಳಿಯ ಮಂಗಳೂರಲ್ಲ, ಇದು ಕಲ್ಯಾಣ ಕರ್ನಾಟಕದ್ದು. ಅಲ್ಲಿ ಮುಚ್ಚಿಹೋದ ಚಿನ್ನದ ಗಣಿಯೊಂದಿದೆ. ತಾಂಡಾದ ಜನ ಕುಡಿದದ್ದು ಕೊಳವೆಬಾವಿ ನೀರು. ಅಂಗೈ, ಅಂಗಾಲು ಒರಟಾಗಿ ಗಂಟು ಗಂಟಾದವು. ಮೈ ಮೇಲೆ ಕಪ್ಪು ಬಿಳಿ ಚುಕ್ಕೆಗಳು. ಕೆಲವರಿಗೆ ಅದು ಕ್ಯಾನ್ಸರಿನವರೆಗೂ ಹೋಯ್ತು. ನೀರು, ಮಣ್ಣು, ಜನರ ಕೂದಲು ಉಗುರು ಎಲ್ಲ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯ್ತು. ಆರ್ಸೆನಿಕ್ ಅಂತ ಗೊತ್ತಾಗೋ ಹೊತ್ತಿಗೆ ಜನ ಅದನ್ನ ವರ್ಷಗಟ್ಟಲೆ ಕುಡಿದಾಗಿತ್ತು.

ಈ ವಿಷದ ಸ್ವಭಾವ ಇದೇ. ಬಣ್ಣ ಇಲ್ಲ, ರುಚಿ ಇಲ್ಲ. ಒಂದು ದಿನ ಅನ್ನ ಬೇಯಿಸಿದರೆ ಏನೂ ಆಗಿಲ್ಲ ಅನ್ನಿಸುತ್ತೆ. ದೇಹ ಲೆಕ್ಕ ಇಟ್ಟುಕೊಂಡು ವರ್ಷಗಳಾದ ಮೇಲೆ ತೋರಿಸುತ್ತೆ. ಆಗ ಹಿಂದೆ ಎಲ್ಲೋ ಉರಿಸಿದ ಸೌದೆ ಯಾರಿಗೆ ನೆನಪಿರುತ್ತೆ?

ಈಗ ಒಂದು ಮಾತು ಯೋಚಿಸಿ. ಬೆಂಗಳೂರಿನ ಕಟ್ಟಡಗಳಿಗೆ ಇಟ್ಟಿಗೆ ಹೊರೋರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರು ಬಹಳ. ಊರಲ್ಲಿ ಮಳೆ ಇಲ್ಲ, ಕೆಲಸ ಇಲ್ಲ ಅಂತ ಇಲ್ಲಿಗೆ ಬಂದು ತಗಡಿನ ಶೆಡ್ಡಿನಲ್ಲಿ ಇರ್ತಾರೆ. ಗ್ಯಾಸ್ ಸಿಲಿಂಡರಿಗೆ ದುಡ್ಡು ಸಾಲದಾಗ ಸೈಟಿನ ಮರ ಒಲೆಗೆ ಹೋಗುತ್ತೆ. ನೀವೂ ನಾವೂ ಮನೆ ಹೊಸದು ಮಾಡಿಸುವಾಗ ‘ಆ ಹಳೇದನ್ನೆಲ್ಲ ಎಲ್ಲಾದರೂ ಹಾಕ್ಬಿಡಿ’ ಅಂತೀವಲ್ಲ, ಆ ‘ಎಲ್ಲಾದರೂ’ ಅನ್ನೋ ಜಾಗದಲ್ಲಿ ಒಬ್ಬ ತಾಯಿ ಅಡುಗೆ ಮಾಡ್ತಿರ್ತಾಳೆ.

8/10

ಹಾಗಾದರೆ ಸರ್ಕಾರಗಳು ಏನು ಮಾಡಿದವು?

ಅಮೆರಿಕದಲ್ಲಿ 2002ರಲ್ಲಿ ಒಪ್ಪಂದವಾಗಿ, 2003ರ ಡಿಸೆಂಬರ್ 31ರ ನಂತರ ಮನೆ ಬಳಕೆಯ ಮರಕ್ಕೆ ಸಿಸಿಎ ತುಂಬೋದನ್ನ ನಿಲ್ಲಿಸಿದರು. ಮಕ್ಕಳ ಆಟದ ಅಟ್ಟಣಿಗೆಗಳೇ ಮುಖ್ಯ ಕಾರಣ. ಯುರೋಪ್ ಒಕ್ಕೂಟವೂ 2004ರಿಂದ ಬಿಗಿ ಮಾಡಿತು. ಆದರೆ ಆಗಲೇ ನಿಂತಿದ್ದ ಮರ ಇದ್ದಲ್ಲೇ ಇತ್ತು. ಅದು ಹಳೇದಾಗಿ ತಿಪ್ಪೆಗೆ ಬಂದಾಗ ಫ್ಲಾರಿಡಾದ ಸಂಶೋಧಕರು ತಳಕ್ಕೆ ಹಾಳೆ ಹಾಸದ ಗುಂಡಿಗಳಲ್ಲಿ ಹೂಳೋದು ಅಂತರ್ಜಲಕ್ಕೆ ಅಪಾಯ ಅಂತ ತೋರಿಸಿದರು.

ಜರ್ಮನಿ ಇನ್ನೂ ಶಿಸ್ತು. 2002ರಲ್ಲಿ ಹಳೇ ಮರಕ್ಕಂತಲೇ ಒಂದು ನಿಯಮ ತಂದು ನಾಲ್ಕು ದರ್ಜೆ ಮಾಡಿದರು. ಒಂದನೇ ದರ್ಜೆ ಬರಿ ಮರ. ನಾಲ್ಕನೆಯದರಲ್ಲಿ ರೈಲ್ವೆ ಸ್ಲೀಪರ್, ಮದ್ದು ತುಂಬಿದ ಕಂಬ. ಅದನ್ನ ಹೊಗೆ ಶುದ್ಧ ಮಾಡೋ ವಿಶೇಷ ಕುಲುಮೆಯಲ್ಲಷ್ಟೇ ಸುಡಬಹುದು.

ನಮ್ಮಲ್ಲಿ? ಮರದ ಸಂರಕ್ಷಣೆಗೆ ಐಎಸ್ 401 ಅನ್ನೋ ಮಾನಕ ಇದೆ. ಎಷ್ಟು ಮದ್ದು ತುಂಬಬೇಕು ಅನ್ನೋದು ಅದರಲ್ಲಿದೆ, 2001ರ ಆವೃತ್ತಿಯಲ್ಲಿ ಸಿಸಿಎ ಕೂಡ ಇದೆ. 2016ರಲ್ಲಿ ಕಸಕ್ಕೆ ಸಂಬಂಧಿಸಿದ ನಿಯಮಗಳು ಸಾಲಾಗಿ ಬಂದವು. ಅಪಾಯಕಾರಿ ತ್ಯಾಜ್ಯದ ನಿಯಮದ ಪ್ರಕಾರ, ಪರೀಕ್ಷೆಯಲ್ಲಿ ಲೀಟರಿಗೆ 5 ಮಿಲಿಗ್ರಾಂ ಆರ್ಸೆನಿಕ್ ಸೋರಿದರೆ ಅದು ಅಪಾಯಕಾರಿ. ಕಟ್ಟಡ ತ್ಯಾಜ್ಯದ ನಿಯಮ ಬೇರೆ. ಮನೆಯ ಅಪಾಯಕಾರಿ ಕಸ ಅಂತ ಬಣ್ಣದ ಡಬ್ಬ, ಟ್ಯೂಬ್‌ಲೈಟ್, ಬ್ಯಾಟರಿ, ಔಷಧಿಗಳನ್ನ ಹೆಸರಿಸಿದರು. ಮದ್ದು ತುಂಬಿದ ಮರ ಆ ಪಟ್ಟಿಯಲ್ಲಿ ಇರಲಿಲ್ಲ.

ಸುಡೋದರ ಬಗ್ಗೆ ಮಾತ್ರ ಸ್ಪಷ್ಟ ಆದೇಶ ಇದೆ. ಅದರ ಹಿಂದಿರೋದು ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಅವರ ಮೊಕದ್ದಮೆ. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡೋದನ್ನ ನಿಷೇಧಿಸಿ, ಸಣ್ಣ ಪ್ರಮಾಣಕ್ಕೆ 5000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25000 ರೂಪಾಯಿ ದಂಡ ಅಂತ ಹೇಳಿತು. ದಂಡದ ಆದೇಶ ಬಂತು, ಮರವನ್ನ ಕೊಡೋಕೆ ಒಂದು ಕೌಂಟರ್ ಬರಲಿಲ್ಲ.

9/10

ಈ ಪೋಸ್ಟ್ ಸೇವ್ ಮಾಡಿಟ್ಟುಕೊಳ್ಳಿ. ನಿಮ್ಮ ಮನೆ ಹಿಂದೆ, ಟೆರೇಸಿನ ಮೇಲೆ, ಸೈಟಿನಲ್ಲಿ ಬಿದ್ದಿರೋ ಮರ ಯಾವುದು ಅಂತ ಗುರುತಿಸೋ ಬಗೆ.

▪ ಬರಿ ಮರ: ಹಳೇ ಸಾಗುವಾನಿ, ಹೊನ್ನೆ, ಹಲಸು. ಬಣ್ಣ ಇಲ್ಲ, ವಾಸನೆ ಇಲ್ಲ. ಇದು ಕಸವೇ ಅಲ್ಲ. ಮಾರಿ, ಮತ್ತೆ ಬಳಸಿ.

▪ ಬಣ್ಣ ಬಳಿದ ಹಳೇ ಬಾಗಿಲು, ಕಿಟಕಿ: ಇಲ್ಲಿ ಚಿಂತೆ ಆರ್ಸೆನಿಕ್ ಅಲ್ಲ, ಸೀಸ. ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೇ ಎನಾಮಲ್ ಬಣ್ಣವನ್ನ ಒಣ ಉಪ್ಪುಕಾಗದದಿಂದ ಉಜ್ಜಬೇಡಿ, ಸುಡಬೇಡಿ. ಸೀಸದ ವಿಷದ ಬಗ್ಗೆ ದೇಶಕ್ಕೇ ತಿಳಿಹೇಳಿದ ಡಾ. ತುಪ್ಪಿಲ್ ವೆಂಕಟೇಶ್ ಅವರು ಕೆಲಸ ಮಾಡಿದ್ದು ನಮ್ಮ ಕೋರಮಂಗಲದ ಪಕ್ಕದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೇ.

▪ ಕಪ್ಪು ದಿಮ್ಮಿ, ಡಾಂಬರಿನ ಘಾಟು, ಬಿಸಿಲಿಗೆ ಜಿನುಗೋ ಎಣ್ಣೆ: ಕ್ರಿಯೋಸೋಟ್. ಬರಿ ಮೈ ತಾಗೋ ಬೆಂಚಿಗೆ, ತರಕಾರಿ ಮಡಿಗೆ ಬೇಡ.

▪ ಹಸಿರು ಛಾಯೆಯ ಗೂಟ, ಹಲಗೆ: ಸಿಸಿಎ ಇರಬಹುದು. ವರ್ಷಗಳಾದರೆ ಹಸಿರು ಹೋಗಿ ಬೂದು ಬಣ್ಣ ಬರುತ್ತೆ. ಕತ್ತರಿಸಿದ ತುದಿ ನೋಡಿ: ಹೊರ ಉಂಗುರ ಹಸಿರು, ನಡು ಮಾಮೂಲಿ ಬಣ್ಣ ಇದ್ದರೆ ಅನುಮಾನ ಬಲವಾಗಲಿ. ಪೈನ್ ಡೆಕ್ಕು, ಪಾರ್ಕಿನ ಹಳೇ ಆಟಿಕೆ, ಬೇಲಿ ಕಂಬಗಳಲ್ಲಿ ಹುಡುಕಿ. ತಾಮ್ರದ ಬೇರೆ ಮದ್ದುಗಳೂ ಹಸಿರೇ, ಕಣ್ಣಳತೆಯಲ್ಲಿ ಬೇರೆ ಮಾಡೋಕೆ ಆಗಲ್ಲ. ಎಲ್ಲವನ್ನೂ ವಿಷ ಅಂತಲೇ ನೋಡಿಕೊಳ್ಳಿ.

▪ ಪ್ಲೈವುಡ್, ಸೆಂಟ್ರಿಂಗ್ ಶೀಟು: ರಾಳದ ಅಂಟು, ಜೊತೆಗೆ ಹುಳದ ಮದ್ದು ಇರಬಹುದು. ಸೌದೆ ಅಲ್ಲವೇ ಅಲ್ಲ.

▪ ಪ್ಯಾಲೆಟ್ ಮರ: ಜಿಗಣಿ ಕಡೆ ಬಹಳ ಸಿಗುತ್ತೆ. ಗೋಧಿ ತೆನೆಯ ಚಿತ್ರ ಇರೋ ಮುದ್ರೆ ಹುಡುಕಿ. ‘ಎಚ್‌ಟಿ’ ಅಕ್ಷರ ಇದ್ದರೆ ಬರಿ ಬಿಸಿ ಕೊಟ್ಟದ್ದು. ‘ಎಂಬಿ’ ಇದ್ದರೆ ವಿಷಾನಿಲ ಹಾಯಿಸಿದ್ದು, ಮನೆಯೊಳಗಿನ ಪೀಠೋಪಕರಣಕ್ಕೆ ಬೇಡ.

10/10

ಸರಿ, ಗುರುತಿಸಿದ್ದಾಯ್ತು. ಮುಂದೇನು?

ಮೊದಲನೇದು, ಸುಡಬೇಡಿ. ಬಾಯ್ಲರಿಗೂ ಬೇಡ, ಕ್ಯಾಂಪ್‌ಫೈರಿಗೂ ಬೇಡ, ಕಾಮನ ಹಬ್ಬಕ್ಕೂ ಬೇಡ.

ಎರಡನೇದು, ಪುಡಿ ಮಾಡಬೇಡಿ. ಅದರ ಹೊಟ್ಟು ಕೋಳಿ ಗೂಡಿಗೆ, ದನದ ಕೊಟ್ಟಿಗೆಗೆ, ಗೊಬ್ಬರಕ್ಕೆ, ಅಣಬೆ ಬೇಸಾಯಕ್ಕೆ ಹೋಗಬಾರದು. ಕತ್ತರಿಸಲೇಬೇಕಾದರೆ ಬಯಲಲ್ಲಿ, ಕೆಳಗೆ ಟಾರ್ಪಾಲ್ ಹಾಸಿ, ಬಡಗಿಗೆ ಎನ್95 ಮಾಸ್ಕ್ ಕೊಟ್ಟು ಮಾಡಿಸಿ. ಹೊಟ್ಟನ್ನ ಚೀಲಕ್ಕೆ ಕಟ್ಟಿ. ಊಟಕ್ಕೆ ಮುಂಚೆ ಕೈ ತೊಳೆಯೋಕೆ ಹೇಳಿ, ಆ ಬಟ್ಟೆ ಬೇರೆ ಒಗೆಯಲಿ.

ಮೂರನೇದು, ಗಟ್ಟಿ ಇದ್ದರೆ ಇಡೀ ಇಡಿಯಾಗಿ ಮತ್ತೆ ಬಳಸಿ. ಬೇಲಿ ಕಂಬ ಬೇಲಿ ಕಂಬವಾಗೇ ಇರಲಿ. ಬಾವಿ, ತರಕಾರಿ ಮಡಿ, ಮಕ್ಕಳ ಆಟದ ಜಾಗದಿಂದ ದೂರ.

ನಾಲ್ಕನೇದು, ಕೆರೆ ಅಂಗಳಕ್ಕೆ, ರಾಜಕಾಲುವೆಗೆ ಎಸೆಯಬೇಡಿ. ಗೊಟ್ಟಿಗೆರೆ ಕೆರೆಯ ನೀರು ಗೊಟ್ಟಿಗೆರೆಯಲ್ಲೇ ನಿಲ್ಲೋದಿಲ್ಲ, ಹುಳಿಮಾವು ಕಡೆಗೆ ಇಳಿಯುತ್ತೆ.

ಐದನೇದು, ಬಿಸಾಡಲೇಬೇಕಾದ್ದನ್ನ ಮಳೆ ತಾಗದಂತೆ ಮುಚ್ಚಿ ಬೇರೆ ಇಡಿ. ಮನೆಯ ಒಂದೆರಡು ತುಂಡಾದರೆ ಪಾಲಿಕೆಯ ಕಟ್ಟಡ ತ್ಯಾಜ್ಯದ ವ್ಯವಸ್ಥೆಗೆ ಕೊಡಿ, ಮದ್ದು ತುಂಬಿದ ಮರ ಅಂತ ಬಾಯಿಬಿಟ್ಟು ಹೇಳಿ. ರೆಸಾರ್ಟ್, ಅಪಾರ್ಟ್‌ಮೆಂಟ್, ಕಾರ್ಖಾನೆಯವರ ಹತ್ತಿರ ಲೋಡುಗಟ್ಟಲೆ ಇದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನ ಕೇಳಿ ಪರೀಕ್ಷೆ ಮಾಡಿಸಬೇಕು. ಅಪಾಯಕಾರಿ ಅಂತ ಬಂದರೆ ಅದಕ್ಕೆ ದಾಬಸ್‌ಪೇಟೆಯಲ್ಲಿ ತಳಕ್ಕೆ ಹಾಳೆ ಹಾಸಿ ಕಟ್ಟಿದ ನೆಲಭರ್ತಿ ಜಾಗವಿದೆ. ಖರ್ಚಾಗುತ್ತೆ. ಆದರೆ ಆ ಖರ್ಚು ಮರದ ಮಾಲೀಕರದ್ದು, ಒಲೆ ಮುಂದೆ ಕೂತವರದ್ದಲ್ಲ.

ನಿಮ್ಮ ವಾರ್ಡಿನವರನ್ನ ಒಂದು ವಿಷಯ ಕೇಳಿ: ಒಣಕಸ, ಹಸಿಕಸ, ಇ-ತ್ಯಾಜ್ಯದ ಹಾಗೆ ಹಳೇ ಮರಕ್ಕೂ ಒಂದು ದಿನ, ಒಂದು ಜಾಗ ಯಾಕಿಲ್ಲ? ಮರದ ವಿದ್ಯೆಗಂತಲೇ ಸಂಸ್ಥೆ ಇರೋ ಊರು ನಮ್ಮದು. ಯಾವ ಮರ ಯಾವ ದರ್ಜೆ ಅಂತ ಹೇಳಬಲ್ಲವರು ಇಲ್ಲೇ ಇದ್ದಾರೆ.

ಅಲ್ಲಿಯವರೆಗೆ ಹತ್ತು ನಿಮಿಷದ ಕೆಲಸ ಒಂದಿದೆ. ಅನುಮಾನದ ಮರ ಹೊರಗೆ ಹಾಕುವ ಮುಂಚೆ ಒಂದು ಬ್ರಷ್ ತಗೊಂಡು ಪ್ರತಿ ತುಂಡಿನ ಮೇಲೂ ದಪ್ಪಕ್ಷರದಲ್ಲಿ ಬರೆಯಿರಿ: ‘ವಿಷ. ಒಲೆಗೆ ಹಾಕಬೇಡಿ.’ ಕನ್ನಡದಲ್ಲಿ, ಹಿಂದಿಯಲ್ಲಿ. ಓದು ಬಾರದವರಿಗೆ ಒಂದು ತಲೆಬುರುಡೆ ಚಿತ್ರ. ಸೈಟಿನ ಮೇಸ್ತ್ರಿಗೂ ಬಾಯಲ್ಲಿ ಹೇಳಿ. ಜೊತೆಗೆ ಒಂದು ಹೊರೆ ಒಳ್ಳೆ ಸೌದೆ ಕೊಡಿಸಿದರೆ ಇನ್ನೂ ಒಳ್ಳೇದು.

ಮನೆ ಕೆಡವಿಸುತ್ತಿರೋ ನಿಮ್ಮ ಪರಿಚಯದವರಿಗೆ ಇದನ್ನ ಕಳಿಸಿ.

#ಗೊಟ್ಟಿಗೆರೆ #ಬನ್ನೇರುಘಟ್ಟರಸ್ತೆ #ಬೆಂಗಳೂರುಇತಿಹಾಸ #ಹಳೇಮರ #ಕನ್ನಡ